ನನ್ನ ತಂಗಿ ಸಾಕ್ಷಿ ಹೇಳಿದ್ದು

ನನ್ನ ತಂಗಿಗೆ ಹುಟ್ಟಿದಾಗಿಂದ ಕಿವಿ ಕೇಳೂದಿಲ್ಲ, ಮಾತೂ ಬರೂದಿಲ್ಲ. ಹಂಗಂತ ಆಕಿ ಗಪ್ಪ ಕುಂದ್ರಾಕಿ ಅಂತ ತಿಳಕೋಬ್ಯಾಡ್ರಿ. ನಮ್ಮ ಮನ್ಯಾಗ ಎಲ್ಲಾರಕಿಂತ ಹೆಚ್ಚು ಜಗಳಾ ತಗಿಯಾಕಿ ಆಕಿನ. ಸಾಲಿಗೆ ಹೋದಾಕಿ ಅಲ್ಲ. ಅಕ್ಕ ತಂಗಿ ನಾವಿಬ್ಬರೂ ಸಣ್ಣವರಿದ್ದಾಗ ಕೂಡಿ ಕಟ್ಟಿಕೊಂಡ ಕೈಸನ್ನಿನ ಆಕಿ ಮಾತು. ಅದರಾಗ ಊರಿನ ಒಬ್ಬೊಬ್ಬರಿಗೂ ಒಂದೊಂದು ಗುರುತು. ನಶ್ಯಾ ಏರಿಸೋರಿಗೆ ಒಂದು, ಹೊಟ್ಟಿ ಮುಂದ ಮಾಡಿ ನಡಿಯೋರಿಗೆ ಒಂದು. ನನ್ನ ಗುರುತು ಅಂದ್ರ ಬಾಯಿ ಮುಂದ ಬಟ್ಟು ಪಟಪಟ ಬಡಿಯೂದು. ಯಾಕ ಅಂತ ನಿಮಗ ಬಿಡಿಸಿ ಹೇಳೂದು ಬ್ಯಾಡ.

ಬೈಲಹೊಂಗಲದ ಪ್ಯಾಟ್ಯಾಗ ಆಕಿದೊಂದು ಹೊಲಿಗಿ ಅಂಗಡಿ. ಅದರ ಮುಂದ ನೇಸರಗಿ ಕಡಿಂದ ಬರೋ ಒಬ್ಬಾಕಿ ಅಜ್ಜಿ ಕಾಯಿಪಲ್ಲೆ ಹಚ್ಚಿಕೊಂಡು ಕುಂದರತಿದ್ಲು. ಆ ಜಾಗಾ ತನಗ ಬೇಕು ಅಂತ ಹಣ್ಣಿನ ಗಾಡಿಯವನೊಬ್ಬ ಬೆನ್ನು ಹತ್ತಿದ್ದ. ಕಡೀಕ ಒಂದು ದಿನ ಸಿಟ್ಟಿಗೆದ್ದು ತಕ್ಕಡಿ ಕೋಲು ತಗೊಂಡು ಅಜ್ಜಿ ಕೈ ಮುರಿಯೂಹಂಗ ಹೊಡದ. ನೋಡಿದವರು ಪ್ಯಾಟಿ ತುಂಬ ಇದ್ರು. ಪೊಲೀಸರ ಮುಂದ ಎಲ್ಲಾರೂ ಹೇಳಿದ್ರು. ಕೋರ್ಟಿಗೆ ಬಂದ ಮ್ಯಾಲ ‘ನಾವೇನೂ ಕಂಡಿಲ್ರಿ’ ಅಂತ ಒಬ್ಬೊಬ್ಬರಾಗಿ ಉಲ್ಟಾ ಹೊಡದ್ರು. ಅಜ್ಜಿ ತಾನ ಕಾಲು ಜಾರಿ ಬಿದ್ದಾಳ ಅಂತ ಅವನ ವಕೀಲರು ಹೇಳಾಕ ಹತ್ತಿದ್ರು. ಅಜ್ಜಿ ಮಾತಿಗೆ ಆಸರಾಗಿ ಉಳದಾಕಿ ನನ್ನ ತಂಗಿ ಒಬ್ಬಾಕಿ. ಆಕಿ ಮಾತು ನಡೀಲಿಲ್ಲಂದ್ರ ಅಂವ ಬಿಡುಗಡಿ ಆಗಿ ಬಂದು, ಅಜ್ಜಿ ಕುಂದರೋ ಜಾಗಾದಾಗ ರಾಜಾರೋಷ ಗಾಡಿ ಹಚ್ಚತಿದ್ದ.

‘ಮೂಕಿ ಏನ್ ಸಾಕ್ಷಿ ಹೇಳತಾಳೋ ಮಾರಾಯಾ!’ ಅಂತ ಕೋರ್ಟಿನ ಕಟ್ಟಿ ಮ್ಯಾಲ ಕುಂತ ಯಾವನೋ ನಕ್ಕ. ನನಗ ಮೈಯೆಲ್ಲ ಉರದುಹೋತು. ತಿರುಗಿ ಎರಡು ಮಾತು ಬಿಗೀಬೇಕು ಅಂತಿದ್ದೆ, ತಂಗಿ ನನ್ನ ರಟ್ಟಿ ಹಿಡದು ಒಳಗ ಎಳಕೊಂಡು ಹೋದ್ಲು.

ಕೈಸನ್ನಿ ಕಲಿಸೋ ಮಾಸ್ತರರೊಬ್ಬರನ್ನ ಕೋರ್ಟು ಬೆಳಗಾವಿಯಿಂದ ಕರಿಸಿತ್ತು. ಪಾಪ, ಛಲೋ ಮನುಷ್ಯಾ. ಆದ್ರ ಅವರ ಸಾಲಿ ಸನ್ನಿ ಈಕಿಗೆ ತಿಳೀಲಿಲ್ಲ, ಈಕಿ ಮನಿ ಸನ್ನಿ ಅವರಿಗೆ ತಿಳೀಲಿಲ್ಲ. ಅವರೇ ಎದ್ದು, ‘ಇವರ ಅಕ್ಕನೇ ಹೇಳಬೇಕು ಮೇಡಂ’ ಅಂದ್ರು. ‘ಅಕ್ಕ ತನಗೆ ಬೇಕಾದ್ದು ಹೇಳ್ತಾಳೆ’ ಅಂತ ಆರೋಪಿ ವಕೀಲರು ತಕರಾರು ತಗದ್ರು. ಜಡ್ಜ್ ಮೇಡಂ ಎಲ್ಲಾ ಕೇಳಿಕೊಂಡು, ಇಡೀ ಸಾಕ್ಷಿ ವಿಡಿಯೋ ಆಗಲಿ, ಅಕ್ಕನೂ ಪ್ರಮಾಣ ಮಾಡಲಿ, ಯಾರಿಗೆ ಸಂಶಯ ಬಂದರೂ ಆಮೇಲೆ ನೋಡಬಹುದು ಅಂದ್ರು.

ಮೊದಲು ನಾನು ಪ್ರಮಾಣ ಮಾಡಿದೆ. ಆಕಿಗೆ ಹೆಂಗ ತಿಳಿಸೂದು? ನಮ್ಮ ಮನ್ಯಾಗ ಖರೇ ಹೇಳು ಅನ್ನೂದಕ್ಕ ಕೊರಳಾಗಿನ ಲಿಂಗ ಮುಟ್ಟತೇವಿ. ನಾ ಮುಟ್ಟಿ ತೋರಿಸಿದೆ, ಆಕಿ ತನ್ನ ಲಿಂಗ ಹಿಡಕೊಂಡು ಕಣ್ಣು ಮುಚ್ಚಿದ್ಲು. ‘ಸಾಕ್ಷಿಯು ಕೊರಳಿನ ಲಿಂಗವನ್ನು ಮುಟ್ಟಿ ಪ್ರಮಾಣ ಮಾಡಿದರು’ ಅಂತ ಮೇಡಂ ಹೇಳಿದ್ರು, ಟೈಪಿನ ಹುಡುಗಿ ಬರಕೊಂಡ್ಲು.

ಮುಂದ ಎಲ್ಲಾ ಹಂಗ. ಮೊದಲು ಆಕಿ ಕೈ ಏನು ಮಾಡ್ತು ಅನ್ನೂದು ಒಂದು ಸಾಲು, ಅದರ ಅರ್ಥ ನಾ ಹೇಳಿದ್ದು ಇನ್ನೊಂದು ಸಾಲು. ‘ನೀವು ವಿವರಿಸಬೇಡಿ ತಾಯಿ, ಅವರು ಹೇಳಿದಷ್ಟೇ ಹೇಳಿ’ ಅಂತ ಮೇಡಂ ನನ್ನ ಬಾಯಿಗೆ ಬೀಗ ಹಾಕಿದ್ರು. ಹೊಡದಾವ ಯಾರು ಅಂತ ಕೇಳಿದಾಗ ತಂಗಿ ಬಟ್ಟಿನಿಂದ ತಲಿಗೂದಲಾ ಹಿಂದಕ್ಕ ತೀಡಿ ತೋರಿಸಿದ್ಲು. ಅದು ಗಾಡಿಯವನ ಗುರುತು. ಅಂವ ಕಟಕಟ್ಯಾಗ ನಿಂತು ಆಗ ಅದನ್ನ ಮಾಡಾಕ ಹತ್ತಿದ್ದ! ಎಲ್ಲಾರೂ ತನ್ನ ಕಡೆ ನೋಡಿದ ಕೂಡಲೆ ಕೈ ಕೆಳಗ ಇಳಿಸಿದ. ಅದೂ ಕಾಗದದ ಮ್ಯಾಲ ಏರಿತು.

ಪಾಟೀ ಸವಾಲು ಸುರು ಆತು. ‘ನಿಮ್ಮ ಅಕ್ಕ ಮನೆಯಲ್ಲಿ ಹೇಳಿಕೊಟ್ಟಂತೆ ಇಲ್ಲಿ ಹೇಳುತ್ತಿದ್ದೀರಿ ಅಂದರೆ ಸರಿಯೇ?’ ಅಂದ್ರು ವಕೀಲರು. ನೋಡ್ರಿ ನನ್ನ ಹಣೇಬರಾ! ನನ್ನ ಮ್ಯಾಲಿನ ಆರೋಪ ನಾನ ನನ್ನ ತಂಗಿಗೆ ಕೇಳಬೇಕು. ಕೇಳಿದೆ. ಆಕಿ ಭುಜಾ ಅಲ್ಲಾಡಿಸಿ ನಕ್ಕು, ಕೈ ಬೀಸಿ ಬೀಸಿ ಹೇಳಿದ್ಲು. ಪ್ರಮಾಣ ಮಾಡೇನಿ, ಮುಚ್ಚಿಡೂಹಂಗ ಇಲ್ಲ. ‘ಅಕ್ಕ ಅಲ್ಲಿ ಇದ್ದಿಲ್ಲ. ನಾನ ಆಕಿಗೆ ಹೇಳಿದ್ದು. ಆಕಿಗೆ ಬಾಯಿ ಭಾಳ, ಆದ್ರ ಕಣ್ಣಿಲೆ ಏನೂ ನೋಡೂದಿಲ್ಲ’ ಅಂತ ತುಂಬಿದ ಕೋರ್ಟಿನ್ಯಾಗ ನಾನ ಒದರಿದೆ. ಮೇಡಂ ನಗಲಿಲ್ಲ. ‘ಬರೆದುಕೊಳ್ಳಿ’ ಅಂದ್ರು. ಟೈಪಿನ ಹುಡುಗಿ ಮಾತ್ರ ತಲಿ ಬಗ್ಗಿಸಿ ನಕ್ಕ್ಲು.

ಆಮ್ಯಾಲ ವಕೀಲರು ಸಣ್ಣ ದನಿ ತಗದು ಕೇಳಿದ್ರು. ಅಜ್ಜಿನೇ ಮೊದಲು ತೂಕದ ಕಲ್ಲು ಎತ್ತಿ ಅವನ ಮ್ಯಾಲ ಒಗದಾಳ, ಹೌದೋ ಅಲ್ಲೋ? ನಾ ಸನ್ನಿ ಮಾಡಿ ಕೇಳಿದೆ. ಯವ್ವಾ, ಇಲ್ಲ ಅನ್ನವಾ, ತಲಿ ಅಡ್ಡ ಹಾಕವಾ ಅಂತ ಒಳಗ ಬೇಡಿಕೊಂಡೆ. ಆಕಿ ಒಂದೀಟೂ ತಡಾ ಮಾಡಲಿಲ್ಲ. ಕಲ್ಲು ಎತ್ತಿದಂಗ ಮಾಡಿ, ಒಗದಂಗ ಮಾಡಿ, ಹೌದು ಅಂತ ತಲಿ ಹಾಕಿದ್ಲು. ‘ಹೌದು, ಅಜ್ಜಿ ಕಲ್ಲು ಒಗದ್ಲು’ ಅಂದೆ. ಸರಕಾರಿ ವಕೀಲರು ಪೆನ್ನು ಟೇಬಲ್ ಮ್ಯಾಲ ಇಟ್ಟುಬಿಟ್ರು. ತಂಗಿ ಇನ್ನೂ ಮುಗಿಸಿದ್ದಿಲ್ಲ. ಕಲ್ಲು ಅಂವಗ ತಾಕಲಿಲ್ಲ, ಮಣ್ಣಾಗ ಬಿತ್ತು. ಅಜ್ಜಿ ತಿರುಗಿ ಪುಟ್ಟಿ ಎತ್ತಿಕೊಳ್ಳಾಕ ಬಗ್ಗಿದಾಗ ಅಂವ ಹಿಂದಿಂದ ಹೊಡದ ಅಂತ, ಬಗ್ಗಿ, ತಿರುಗಿ, ರಟ್ಟಿ ಮ್ಯಾಲ ಕೈ ಇಟ್ಟು ತೋರಿಸಿದ್ಲು. ಎಲ್ಲಾ ಬರಕೊಂಡು ಓದಿ ಹೇಳಿದ್ರು, ನಾ ಸನ್ನಿ ಮಾಡಿ ತಿಳಿಸಿದೆ. ಆಕಿ ಪ್ರತಿ ಹಾಳಿಗೂ ಹೆಬ್ಬಟ್ಟು ಒತ್ತಿದ್ಲು.

ಹೊರಗ ಬಂದು ಆಕಿ ಮ್ಯಾಲ ಹರಿಹಾಯ್ದೆ. ಯಾಕ ಹೇಳಬೇಕಾಗಿತ್ತು ಕಲ್ಲಿನ ಸುದ್ದಿ? ಕೇಸು ಮಣ್ಣುಗೂಡಿತು ಅಂದೆ. ಆಕಿ ನನ್ನ ಕಡೆ ನೋಡಲೂ ಇಲ್ಲ. ನೋಡಲಿಲ್ಲಂದ್ರ ಆಕಿ ಕೂಡ ಮಾತಾಡೂದು ಹೆಂಗ?

ತೀರ್ಪಿನ ದಿನಾ ಅಜ್ಜಿನೂ ಬಂದಿದ್ಲು. ಮೇಡಂ ಓದಿದ್ರು. ತನ್ನ ಕಡೆಯವರಿಗೆ ತೊಡಕಾಗುವ ಮಾತನ್ನೂ ಮುಚ್ಚಿಡದ ಈ ಸಾಕ್ಷಿಯನ್ನು ನಂಬದಿರಲು ಯಾವ ಕಾರಣವೂ ಇಲ್ಲ ಅಂತ. ಗಾಡಿಯವನಿಗೆ ಶಿಕ್ಷಾ ಆತು. ಅಜ್ಜಿ ಸೆಟದುಹೋದ ಕೈಲೆನ ತಂಗಿ ಗಲ್ಲಾ ಸವರಿದ್ಲು. ಹೊಟ್ಟ್ಯಾಗ ಹಾಲು ಹಾಕಿದಂಗಾತು ನನಗ. ಮೂಕಿ ಅಂದಾವ ಅಲ್ಲೇ ಎಲ್ಲ್ಯಾರ ಇದ್ರ ಕಿವಿ ಹಿಡದು ಕೇಳಿಸಬೇಕಂತ ಸುತ್ತೂ ನೋಡಿದೆ, ಸಿಗಲಿಲ್ಲ.

ತಂಗಿಗೆ ಸನ್ನಿ ಮಾಡಿದೆ. ನಿನ್ನ ಮಾತು ನಂಬ್ಯಾರವಾ, ನಿನ್ನೊಬ್ಬಾಕಿದು! ಆಕಿ ಹುಬ್ಬು ಗಂಟು ಹಾಕಿ, ಇದ್ರಾಗ ಏನೈತಿ ಅನ್ನೂಹಂಗ ನನ್ನ ನೋಡಿದ್ಲು. ತನ್ನ ಕಣ್ಣು ಮುಟ್ಟಿ ತೋರಿಸಿದ್ಲು. ನಾ ಕಂಡೇನಲ್ಲಾ, ನಂಬದ ಏನ್ ಮಾಡ್ತಾರ?

ನಾ ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಆಕಿ ಅಂಗಡಿ ತಗಿಯೂ ಹೊತ್ತಾತು ಅಂತ ನನ್ನ ಸೆರಗು ಜಗ್ಗಾಕ ಹತ್ತಿದ್ಲು.