ಪೊರಕೆಯಕ್ಕನ ಪಾಲಿನ ಅರ್ಧ ಸೇತುವೆ

ಒಂದಾನೊಂದು ಕಾಲದಲ್ಲಿ ಒಂದು ಹೊಳೆಯಿತ್ತು. ಹೊಳೆಗೆ ಎರಡು ದಡ, ಎರಡು ದಡಕ್ಕೆ ಇಬ್ಬರು ವಾರಗಿತ್ತಿಯರು. ಹಿರಿಯಾಕೆ ಸೂರ್ಯನಿಗಿಂತ ಮೊದಲು ಏಳುವವಳು, ಕಿರಿಯಾಕೆ ಸೂರ್ಯನೇ ಬಂದು ಬಾಗಿಲು ಬಡಿದರೂ ಏಳದವಳು. ಅಜ್ಜಿ ಹೇಳುವ ಕಥೆಯಾಗಿದ್ದರೆ ಹೊಳೆಯೊಳಗಿಂದ ದೇವತೆ ಎದ್ದು ಬಂದು ಹಿರಿಯಾಕೆಗೆ ಚಿನ್ನದ ಪೊರಕೆ ಕೊಟ್ಟು, ಕಿರಿಯಾಕೆಯ ಮೂಗು ಮೊಳದುದ್ದ ಮಾಡಿ, ಅಲ್ಲಿಗೆ ಎಲ್ಲ ಸುಖಾಂತವಾಗುತ್ತಿತ್ತು. ಆದರೆ ಇಬ್ಬರೂ ಇವತ್ತಿಗೂ ಇದ್ದಾರೆ, ಹೊಳೆಯೂ ಹರಿಯುತ್ತಿದೆ, ದೇವತೆಯ ಪತ್ತೆಯೇ ಇಲ್ಲ. ರಜೆ ಕಳೆಯಲೆಂದು ಡೇರೆ ಹಾಕಲು ಬರುವ ಜನ ಮಾತ್ರ ಕಿರಿಯಾಕೆಯ ದಡಕ್ಕೇ ಹೋಗುತ್ತಾರೆ.

ಇನ್ನೂ ಮಬ್ಬು ಹರಿದಿಲ್ಲ. ಹಿರಿಯಾಕೆ ಬರಿ ನೆಲದ ಮೇಲೆ ಅಂಗಾತ ಮಲಗಿದ್ದಾರೆ. ಇದು ನಿದ್ದೆಯಲ್ಲ, ಕೆಲಸ. ಡೇರೆ ಹಾಕುವ ಒಂದೊಂದು ಜಾಗವನ್ನೂ ಗುಡಿಸಿ, ಹುಲ್ಲು ಸವರಿ, ಕಲ್ಲು ಹೆಕ್ಕಿ, ಕೊನೆಗೆ ತಾವೇ ಮಲಗಿ ಬೆನ್ನಿಗೆ ಏನಾದರೂ ಚುಚ್ಚುತ್ತದೆಯೇ ಎಂದು ಪರೀಕ್ಷೆ ಮಾಡುವುದು ಅವರ ಪದ್ಧತಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾರೆ. ಸೊಂಟದಡಿಯಿಂದ ಕಾಳಿನಷ್ಟು ಸಣ್ಣ ಹರಳೊಂದನ್ನು ತೆಗೆದು ಹೊಳೆಯತ್ತ ಬೀಸುತ್ತಾರೆ. ಹರಳು ನೀರಿಗೆ ಬೀಳುತ್ತದೆ. ಕಣ್ಣು ಮಾತ್ರ ಅಲ್ಲಿಗೆ ನಿಲ್ಲದೆ ಆಚೆ ದಡಕ್ಕೆ ದಾಟುತ್ತದೆ.

"ಹನ್ನೊಂದು ಡೇರೆ! ನಿನ್ನೆ ಸಂಜೆ ಒಂಬತ್ತಿತ್ತು. ರಾತ್ರಿ ಎರಡು ಮರಿ ಹಾಕಿದೆ ನೋಡಿ," ಎನ್ನುತ್ತಾರೆ.

ಈಚೆ ದಡದಲ್ಲಿ ಇರುವುದು ಮೂರು.

ಬಂದವರೆಲ್ಲ ಇವರನ್ನು ಪೊರಕೆಯಕ್ಕ ಎನ್ನುತ್ತಾರೆ. ಅಣ್ಣತಮ್ಮಂದಿರಾದ ಇಬ್ಬರ ಗಂಡಂದಿರೂ ಪೇಟೆಯಲ್ಲಿ ಡೇರೆ ಬಾಡಿಗೆಗೆ ಕೊಡುವ ಒಂದೇ ಅಂಗಡಿಯಲ್ಲಿ ಕೂರುತ್ತಾರೆ; ಅವರಿಬ್ಬರ ನಡುವೆ ಒಂದು ದಿನವೂ ಮಾತಿಗೆ ಮಾತು ಬಂದಿಲ್ಲವಂತೆ. "ಗಂಡಸರಿಗೆ ಹೊಟ್ಟೆಕಿಚ್ಚು ಪಡೋಕೂ ಪುರುಸೊತ್ತಿರಲ್ಲ," ಎಂದು ಅಕ್ಕನ ವಿವರಣೆ. ದಡಗಳನ್ನು ನೋಡಿಕೊಳ್ಳುವುದು ಹೆಂಗಸರ ಪಾಲು. ಪೊರಕೆಯಕ್ಕನ ಬೆಳಗು ಎಂದರೆ ಆರು ಕಕ್ಕಸು ತೊಳೆಯುವುದು, ಡ್ರಮ್ಮುಗಳಿಗೆ ನೀರು ತುಂಬುವುದು, ಒಲೆಗಲ್ಲುಗಳ ಬೂದಿ ತೆಗೆದು ಹೊಸ ಸೌದೆ ಜೋಡಿಸುವುದು, ಹೋದವರು ನೆಲದಲ್ಲೇ ಬಿಟ್ಟ ಗೂಟ ಕೀಳುವುದು. ಬಲಗೈಯ ಹೆಬ್ಬೆರಳು ಪೊರಕೆ ಹಿಡಿದೂ ಹಿಡಿದೂ ಒಂದು ಕಡೆಗೆ ವಾಲಿಬಿಟ್ಟಿದೆ.

ಜನ ಜಾಗ ಹೇಗೆ ಆರಿಸುತ್ತಾರೆ ಎಂದು ಕೇಳಿದರೆ ಅವರ ಬಳಿ ಉತ್ತರ ಸಿದ್ಧವಿದೆ. "ಗಂಡಸರು ನೀರು ನೋಡ್ತಾರೆ. ಹೆಂಗಸರು ಕಕ್ಕಸು ನೋಡ್ತಾರೆ. ಮಕ್ಕಳು ಎಲ್ಲಿಂದ ಬಿದ್ರೆ ಮಜಾ ಅಂತ ನೋಡ್ತಾರೆ. ಮೂರೂ ನನ್ನ ಕಡೇನೇ ಚೆನ್ನಾಗಿದೆ. ಆದ್ರೂ ಒಂದು ಸಲ ಇಲ್ಲಿಗೆ ಬಂದೋರು ಎರಡನೇ ಸಲ ಅಲ್ಲಿಗೇ ಹೋಗ್ತಾರೆ. ನನ್ನದೇನು ಛತ್ರ, ಅವಳದೇನು ತವರುಮನೆಯಾ?"

ಆಚೆ ದಡದ ನೆಲ ಓರೆ. ನಲ್ಲಿ ಎಲ್ಲೋ ದೂರ. ಕಲ್ಲು ಬೇಕಾದಷ್ಟು. ಹೊತ್ತು ಮಾರುದ್ದ ಏರಿದ ಮೇಲೆ ಕಿರಿಯಾಕೆ ಆಕಳಿಸುತ್ತಾ ಹೊರಗೆ ಬರುತ್ತಾರೆ. ಯಾರೋ ಒಬ್ಬ ಹುಡುಗಿ ತನ್ನ ಡೇರೆಯ ಮುಂದಿನಿಂದ ಬಿಸಿ ಲೋಟ ತಂದು ಅವರ ಕೈಗಿಡುತ್ತಾಳೆ.

"ನೋಡಿದ್ರಾ?" ಪೊರಕೆಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಬಂದೋರೇ ಚಹಾ ಕಾಸಿ ಕೊಡ್ತಾರೆ ಮಹಾರಾಣಿಗೆ! ನನಗೆ ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಒಂದು ತೊಟ್ಟು ನೀರು ಕೊಟ್ಟಿದ್ದಾರಾ ಕೇಳಿ."

"ಅಕ್ಕಾ, ಎದ್ಯಾ?" ಆಚೆಯಿಂದ ಕೂಗು.

"ನಿನ್ನ ಹಾಗೆ ಬಿದ್ಕೊಂಡಿರೋಕೆ ನನಗೇನು ಗ್ರಹಚಾರ?"

"ಹಲಗೆ ಒಣಗಿದ್ವಾ ಅಕ್ಕಾ?"

ಪೊರಕೆಯಕ್ಕ ಕಿವುಡಾಗಿ ಪೊರಕೆ ಎತ್ತಿಕೊಳ್ಳುತ್ತಾರೆ.

ಹಲಗೆಯ ಸಂಗತಿ ಹೀಗಿದೆ. ಎರಡು ದಡಗಳ ನಡುವೆ ಮೊದಲು ಒಂದು ಮರದ ಸೇತುವೆಯಿತ್ತು, ಪ್ರವಾಹದಲ್ಲಿ ಕೊಚ್ಚಿ ಹೋಯಿತು. ಹೊಳೆಯ ನಟ್ಟನಡುವಿನ ದೊಡ್ಡ ಬಂಡೆಗೆ ಎರಡೂ ಕಡೆಯಿಂದ ಅಣ್ಣತಮ್ಮಂದಿರು ಜೋಡಿ ದಿಮ್ಮಿ ಹಾಕಿಕೊಟ್ಟರು. ಮೇಲೆ ಹಲಗೆ ಹೊಡೆಯುವುದು ಅವರವರ ಪಾಲು ಎಂದು ವಾರಗಿತ್ತಿಯರು ಒಬ್ಬರಿಗೊಬ್ಬರು ಮಾತು ಕೊಟ್ಟರು. ಕಿರಿಯಾಕೆಯ ಅರ್ಧವನ್ನು ಡೇರೆಯವರೇ ನಗುತ್ತಾ ಕೂಗುತ್ತಾ ವಕ್ರವಕ್ರವಾಗಿ ಹೊಡೆದು ಮುಗಿಸಿದರು. ಪೊರಕೆಯಕ್ಕನ ಅರ್ಧದಲ್ಲಿ ಮೂರು ವರ್ಷದಿಂದ ಬರಿ ದಿಮ್ಮಿಗಳಿವೆ, ಕೋತಿಯಾದರೆ ದಾಟಬಹುದು. ಮನುಷ್ಯರು ಹೋಗಬೇಕೆಂದರೆ ರಸ್ತೆ ಹಿಡಿದು ಊರೆಲ್ಲ ಸುತ್ತಬೇಕು. ಇಡೀ ದಡದಲ್ಲಿ ಒಂದು ತರಗೆಲೆ ಉಳಿಯಗೊಡದ ಹೆಂಗಸು ಉಳಿಸಿಕೊಂಡಿರುವ ಕೆಲಸ ಇದೊಂದೇ. ಹಲಗೆಗಳು ಕೊಟ್ಟಿಗೆಯ ಹಿಂದೆ ಅಳತೆಗೆ ಕೊಯ್ದು, ಉಜ್ಜಿ, ಎಣ್ಣೆ ಹಚ್ಚಿಸಿಕೊಂಡು, ಎಂದೋ ಒಣಗಿ ಒರಗಿ ನಿಂತಿವೆ.

"ಹೊಡೆದ್ರೆ ನನ್ನ ಈ ಮೂರು ಡೇರೆನೂ ತಾವೇ ಎದ್ದು ನಡ್ಕೊಂಡು ಆಚೆ ಹೋಗ್ತವೆ. ನನ್ನ ಕೈಯಾರೆ ದಾರಿ ಮಾಡಿ ಕೊಡ್ಲಾ?" ಎನ್ನುತ್ತಾರೆ. ಸುಳ್ಳು ಹೇಳುವ ಗೊಡವೆಗೆ ಹೋಗುವವರಲ್ಲ ಅವರು.

ಹನ್ನೊಂದು ಡೇರೆಗಳಲ್ಲಿ ಒಂದು ಅವರ ಎದೆಗೆ ನಾಟಿದ ಮುಳ್ಳು. ಅದು ಛತ್ರಿ ಮೇಷ್ಟ್ರದು. ಮಳೆಯಿರಲಿ ಬಿಸಿಲಿರಲಿ ಕೈಯಲ್ಲೊಂದು ಛತ್ರಿ ಹಿಡಿದೇ ಓಡಾಡುವ ಈ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ವರ್ಷಾನುವರ್ಷ ಪೊರಕೆಯಕ್ಕನ ದಡದ ದೊಡ್ಡ ಮರದಡಿಗೇ ಬರುತ್ತಿದ್ದವರು. ಸೇತುವೆ ಹೋದ ಮರುವರ್ಷ ಆಚೆ ದಡದಲ್ಲಿ ಕಾಣಿಸಿಕೊಂಡರು. ಅದಕ್ಕೆ ಕಾರಣವೂ ಅಕ್ಕನಿಗೆ ಗೊತ್ತು. ಒಂದು ದಿನ ನಲ್ಲಿ ಕೆಟ್ಟು, ಪಾಪ ಮೇಷ್ಟ್ರ ಹೆಂಡತಿ ಇವರ ಜೊತೆ ಹೊಳೆಯಿಂದ ನೀರು ಹೊರಬೇಕಾಯಿತು. "ಆ ನಾಚಿಕೆ ಇನ್ನೂ ಹೋಗಿಲ್ಲ. ಆಮೇಲೆ ಎರಡು ನಲ್ಲಿ ಹಾಕಿಸಿದೆ, ಹಾದಿಗೆ ಕಲ್ಲು ಹಾಸಿದೆ, ಕೂರೋಕೆ ಬೆಂಚು ಮಾಡಿಸಿದೆ. ಊಹೂಂ. ಹೋದೋರು ಹೋದ್ರು."

ಮಧ್ಯಾಹ್ನ ಮೇಷ್ಟ್ರು ಪಾತ್ರೆ ತೊಳೆಯಲು ಆಚೆಯ ವಕ್ರ ಹಲಗೆಗಳ ಮೇಲೆ ನಡೆದು ನಡುವಿನ ಬಂಡೆಗೆ ಬರುತ್ತಾರೆ. ಪೊರಕೆಯಕ್ಕ ನೀರಿನಂಚಿಗೆ ಇಳಿಯುತ್ತಾರೆ. ಇಷ್ಟು ದಿನ ನುಂಗಿಕೊಂಡದ್ದು ಬಾಯಿಗೆ ಬರುತ್ತದೆ.

"ಒಂದು ನಲ್ಲಿಗೋಸ್ಕರ ಬಿಟ್ಟು ಹೋದ್ರಲ್ಲ ಮೇಷ್ಟ್ರೇ!"

"ಯಾವ ನಲ್ಲಿಯಮ್ಮ?"

"ಕೆಟ್ಟಿತ್ತಲ್ಲ. ನಿಮ್ಮನೆಯವರು ನೀರು ಹೊತ್ತಿದ್ರಲ್ಲ."

"ಓ, ಅದಾ!" ಮೇಷ್ಟ್ರು ನಗುತ್ತಾರೆ. "ನೀವಿಬ್ಬರೂ ಒಂದೇ ಕೊಡ ಹಿಡ್ಕೊಂಡು ಜಾರಿ ಬಿದ್ದು, ನೆನೆದು ಹಿಪ್ಪೆಯಾಗಿ ಬಂದ್ರಿ. ನಿಮ್ಮ ದಡದ ವಿಷಯ ಬಂದ್ರೆ ಅವಳು ಇವತ್ತಿಗೂ ಹೇಳೋದು ಅದೊಂದೇ ಕಥೆ."

"ಮತ್ತೆ ಯಾಕೆ ಹೋದ್ರಿ? ಏನು ಕಡಿಮೆ ಆಗಿತ್ತು?"

"ಏನೂ ಕಡಿಮೆ ಆಗ್ಲಿಲ್ಲಮ್ಮ, ಅದೇ ತೊಂದರೆ." ಮೇಷ್ಟ್ರು ಪಾತ್ರೆ ಕೆಳಗಿಡುತ್ತಾರೆ. "ಅಲ್ಲಿ ಮೊದಲ ಸಲ ಗಾಳಿಗೆ ಡೇರೆ ಕಿತ್ತು ಹೋಯ್ತು. ನಾವಿಬ್ಬರೂ ಆಳಿಗೊಂದು ಮೂಲೆ ಹಿಡ್ಕೊಂಡು ನಿಂತ್ವಿ. ಆಮೇಲೆ ಕಲ್ಲು ಎತ್ತಿ ಎತ್ತಿ ನೆಲ ಮಟ್ಟ ಮಾಡ್ಕೊಂಡ್ವಿ. ಈಗ ನಾನು ಜೋಡಿಸಿದ ಕಲ್ಲು ಹಾಗೇ ಇದ್ಯಾ ಅಂತ ನೋಡೋಕೆ ಬರ್ತೀನಿ. ನಿಮ್ಮಲ್ಲಿ ನಾವು ಬರೋ ಹೊತ್ತಿಗೆ ಎಲ್ಲಾ ಆಗಿರುತ್ತೆ. ನೆಂಟರ ಥರ ಕೂತು ಎದ್ದು ಹೋಗೋದು."

ಪೊರಕೆಯಕ್ಕ ವಾಲಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ.

"ನಮ್ಮನೆಯವಳಿಗೆ ಆ ಮರದಡಿಗೆ ಒಂದು ಸಲ ಬರಬೇಕಂತೆ. ಮಂಡಿ ಪೂರ್ತಿ ಕೈಕೊಟ್ಟಿದೆ, ರಸ್ತೆ ಸುತ್ತಿ ಬರೋಕಾಗಲ್ಲ. ಮುಂದಿನ ವರ್ಷ ಡಾಕ್ಟರು ಬಿಡೋದೂ ಅನುಮಾನ. ನಾಳೆ ಹೊರಡ್ತೀವಮ್ಮ," ಎಂದು ಮೇಷ್ಟ್ರು ಪಾತ್ರೆ ಎತ್ತಿಕೊಂಡು ಹೋಗುತ್ತಾರೆ.

ಸಂಜೆಯವರೆಗೂ ಪೊರಕೆಯಕ್ಕ ಗೊಣಗುತ್ತಾರೆ. ನೆಲ ಮಟ್ಟ ಮಾಡಿದ್ದೇ ತಪ್ಪಾಯಿತಂತೆ. ನಾಳೆಯಿಂದ ಕಲ್ಲು ತಂದು ಸುರಿಯುತ್ತಾರಂತೆ, ನಲ್ಲಿ ಒಡೆದು ಹಾಕುತ್ತಾರಂತೆ, ಹೊತ್ತೇರುವವರೆಗೆ ಮಲಗುತ್ತಾರಂತೆ. "ಮೈಮುರಿದು ದುಡಿದೋಳು ಪರಕೀಯಳು, ಕಾಲು ಚಾಚಿ ಕೂತೋಳು ಸ್ವಂತ ತಂಗಿ! ಎಲ್ಲಿಯ ನ್ಯಾಯ ಇದು?"

ಮರುದಿನ ನಸುಕಿನಲ್ಲಿ ಪೊರಕೆಯ ಸದ್ದಿಲ್ಲ. ಸುತ್ತಿಗೆಯ ಸದ್ದಿದೆ. ಅಕ್ಕ ಸೆರಗು ಸೊಂಟಕ್ಕೆ ಬಿಗಿದು, ದಿಮ್ಮಿಗಳ ಮೇಲೆ ಕುಕ್ಕರಗಾಲಲ್ಲಿ ಕುಳಿತು, ತಮ್ಮ ದಡದಿಂದ ಬಂಡೆಯ ಕಡೆಗೆ ಒಂದೊಂದೇ ಹಲಗೆ ಹೊಡೆಯುತ್ತಾ ಸಾಗುತ್ತಿದ್ದಾರೆ. ಮೂರು ಡೇರೆಗಳಿಂದ ಎದ್ದು ಬಂದವರು ಸಹಾಯಕ್ಕೆ ಕೈಚಾಚಿದರೆ ಒಂದೇ ಮಾತು: "ಮುಟ್ಬೇಡಿ, ಸೊಟ್ಟಗಾಗುತ್ತೆ." ಅಭ್ಯಾಸ ಒಂದು ರಾತ್ರಿಯಲ್ಲಿ ಹೋಗುವಂಥದ್ದಲ್ಲ. ಸುತ್ತಿಗೆಯ ಸದ್ದಿಗೆ ಆಚೆ ದಡದ ಕಿರಿಯಾಕೆ ಕೂಡ ಎದ್ದಿದ್ದಾರೆ. ಕೂದಲು ಕೆದರಿಕೊಂಡೇ ಬಂಡೆಯ ಮೇಲೆ ಬಂದು ಕೂರುತ್ತಾರೆ.

"ಏನಕ್ಕಾ, ಒಣಗಿಬಿಟ್ವಾ?"

"ಬಾಯಿ ಮುಚ್ಚು."

ಬಂಡೆಗೆ ತಾಗುವ ಕೊನೆಯ ಹಲಗೆಯನ್ನು ಇಟ್ಟಾಗಿದೆ, ಮೊಳೆ ಬಿದ್ದಿಲ್ಲ. ಅಷ್ಟರಲ್ಲಿ ಆಚೆಯಿಂದ ಮೇಷ್ಟ್ರ ಹೆಂಡತಿ ಹೊರಟೇಬಿಟ್ಟಿದ್ದಾರೆ.

"ತಡೀರಿ ಅಮ್ಮಾ, ಒಂದೇ ಹಲಗೆ," ಎಂದು ಅಕ್ಕ ಕೂಗಿದರೂ ಕೇಳುವುದಿಲ್ಲ. ವಕ್ರ ಹಲಗೆಗಳು ಒಂದೊಂದು ಹೆಜ್ಜೆಗೂ ಕಿರುಗುಟ್ಟುತ್ತವೆ. ಅವರು ಗಂಡನ ಕೈಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಬಂಡೆ ತಲುಪುತ್ತಾರೆ. ಅಕ್ಕ ಬಂಡೆಗೆ ಹಾರಿ ನಿಂತು, ಮೊಳೆಯಿಲ್ಲದ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಾರೆ. ಮೇಷ್ಟ್ರ ಹೆಂಡತಿ ಹೊಸ ಹಲಗೆಗಳ ಮೇಲೆ ಎರಡು ಹೆಜ್ಜೆ ಇಟ್ಟು ನೋಡಿ, ಗಂಡನ ಕೈ ಬಿಟ್ಟು, ಒಬ್ಬರೇ ನಡೆದುಹೋಗುತ್ತಾರೆ ಮರದ ಕಡೆಗೆ.

"ನೋಡಿದ್ಯಾ?" ಪೊರಕೆಯಕ್ಕನ ಮುಖ ಅರಳುತ್ತದೆ. "ನಿನ್ನ ಅರ್ಧದಲ್ಲಿ ಕೈ ಹಿಡ್ಕೊಂಡು ಬಂದ್ರು. ನನ್ನ ಅರ್ಧದಲ್ಲಿ ಕೈ ಬಿಟ್ಟು ನಡೆದ್ರು. ಅದು ಕೆಲಸ ಅಂದ್ರೆ!"

"ಹೂಂ ಅಕ್ಕಾ," ಕಿರಿಯಾಕೆ ಆಕಳಿಸುತ್ತಾರೆ. "ಕೈ ಹಿಡ್ಕೊಳ್ಳೋಕೆ ತಾನೇ ಅವರು ನನ್ನ ಕಡೆ ಬರೋದು."

ಪೊರಕೆಯಕ್ಕ ವಾರಗಿತ್ತಿಯನ್ನು ಒಂದು ಗಳಿಗೆ ದುರುಗುಟ್ಟಿ ನೋಡುತ್ತಾರೆ. ಹಲಗೆಯಿಂದ ಕಾಲು ತೆಗೆದು, ಮಂಡಿಯೂರಿ, ಮೊಳೆ ಇಟ್ಟು, ಸುತ್ತಿಗೆ ಎತ್ತುತ್ತಾರೆ. ಎತ್ತಿದ ಕೈ ಹಾಗೇ ನಿಲ್ಲುತ್ತದೆ.

"ಏನು ನೋಡ್ತಾ ಕೂತಿದ್ಯೇ? ಆ ಕಡೆ ಹಿಡ್ಕೋ."

"ಸೊಟ್ಟಗಾಗುತ್ತಕ್ಕಾ."

"ಆಗ್ಲಿ, ಹಿಡ್ಕೋ."

ಕಿರಿಯಾಕೆ ಹಿಡಿಯುತ್ತಾರೆ. ಕೊನೆಯ ಮೊಳೆ ಇಳಿಯುತ್ತದೆ, ಸ್ವಲ್ಪ ಓರೆಯಾಗಿ.