ಕಪಾಟಿನ ನೆತ್ತಿಯ ಪಟ್ಟಿ

ಒಂದು ಸಣ್ಣ ಸುಳ್ಳು ಹೇಳಿದವನಿಗೆ ಎಷ್ಟು ಬಾಯಾರಿಕೆಯಾಗುತ್ತದೆ ಎಂಬುದು ನನಗೆ ಈ ವರ್ಷ ತಿಳಿಯಿತು. ಹತ್ತು ನಿಮಿಷಕ್ಕೊಮ್ಮೆ ಅಡುಗೆಮನೆಗೆ ಹೋಗುತ್ತಿದ್ದೆ, ಲೋಟ ಹಿಡಿದು ಮೇಲೆ ನೋಡುತ್ತಿದ್ದೆ, ಕುಡಿಯದೆಯೇ ಹಿಂದಿರುಗುತ್ತಿದ್ದೆ.

“ರೀ, ನೀರು ಕುಡಿಯೋಕ್ ಬರ್ತೀರೋ, ಸೀಲಿಂಗ್ ಕಾಯೋಕ್ ಬರ್ತೀರೋ?” ಎಂದು ನನ್ನ ಹೆಂಡತಿ ಗಿರಿಜೆ ಸೊಪ್ಪು ಬಿಡಿಸುತ್ತಲೇ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು.

ಸದಾಶಿವನಗರದ ನಮ್ಮ ಮನೆಯ ಅಡುಗೆಮನೆಗೆ ಹತ್ತು ವರ್ಷದ ಕೆಳಗೆ ತೇಗದ ಕಪಾಟುಗಳನ್ನು ಮಾಡಿಕೊಟ್ಟವರು ಕುಣಿಗಲ್ಲಿನ ವೀರಭದ್ರಾಚಾರ್ರು. ಕಪಾಟಿನ ನೆತ್ತಿಗೂ ತಾರಸಿಗೂ ನಡುವೆ ಒಂದು ಗೇಣು ಸಂದು ಉಳಿದಿತ್ತು. ಹಲ್ಲಿಗಳು ಅಲ್ಲಿ ಸಂಸಾರ ಹೂಡಿದ್ದವು. ಅದನ್ನು ಮುಚ್ಚಲು ಬಳ್ಳಿ ಕೆತ್ತಿದ ಒಂದು ಮರದ ಪಟ್ಟಿ ಕೂರಿಸಿಕೊಡಿ ಎಂದು ಈ ಸಲ ಅವರನ್ನೇ ಕರೆಸಿದೆ. ಕೆತ್ತನೆ ಬೆಣ್ಣೆಯಂತೆ ಬಂತು. ಉಳಿದದ್ದು ಬಣ್ಣ ಮಾತ್ರ.

ಈ ಬಣ್ಣ ಹೊಂದಿಸುವುದಿದೆಯಲ್ಲ, ಅದು ಜಾತಕ ಹೊಂದಿಸುವುದಕ್ಕಿಂತ ಕಷ್ಟ. ನಮ್ಮಜ್ಜಿಯ ಬಾಯಲ್ಲಿ ಕಂದು ಎಂಬ ಮಾತೇ ಇರಲಿಲ್ಲ. ಹೊಸ ಹುಣಸೆ, ಹಳೆ ಹುಣಸೆ, ಹುರಿದ ರಾಗಿ, ಸೀದ ರಾಗಿ, ಅಚ್ಚು ಬೆಲ್ಲ, ಜೋನಿ ಬೆಲ್ಲ ಎಂದು ಒಂದೊಂದಕ್ಕೂ ಹೆಸರಿತ್ತು. ಆ ಲೆಕ್ಕದಲ್ಲಿ ನಮ್ಮ ಕಪಾಟು ಹತ್ತು ವರ್ಷದ ಒಗ್ಗರಣೆ ಕುಡಿದು ಅಚ್ಚು ಬೆಲ್ಲದಿಂದ ಜೋನಿ ಬೆಲ್ಲಕ್ಕೆ ತಿರುಗಿತ್ತು. ಹೊಸ ಪಟ್ಟಿಗೆ ಒಂದೇ ದಿನದಲ್ಲಿ ಹತ್ತು ವರ್ಷ ವಯಸ್ಸಾಗಬೇಕಿತ್ತು.

ಆಚಾರ್ರ ಪದ್ಧತಿ ಬೇರೆ. ಪಾಲಿಷಿಗೆ ಬಣ್ಣ ಬೆರೆಸಿ ಹೆಬ್ಬೆರಳಿನ ಉಗುರಿಗೆ ಹಚ್ಚಿ, ಉಗುರನ್ನು ಕಪಾಟಿನ ಪಕ್ಕ ಹಿಡಿದು ನೋಡುತ್ತಾರೆ. ಕೆಲಸ ಮುಗಿದ ಮೇಲೆ ಮನೆಯ ಹೆಣ್ಣುಮಗಳು ಒಪ್ಪಿತು ಎನ್ನುವ ತನಕ ಉಳಿ, ಬಾಚಿ ಚೀಲಕ್ಕೆ ಹಾಕುವುದಿಲ್ಲ. ಅಂದು ಉಗುರನ್ನು ಏಳೆಂಟು ಸಲ ಹಿಡಿದು ನೋಡಿದರು. ಪಟ್ಟಿ ಒಣಗಿತು. ನೇರಳೆಹಣ್ಣು ತಿಂದವನ ನಾಲಿಗೆಯಂತೆ ಕಂಡಿತು.

“ಒಪ್ತಾ ತಾಯಿ?” ಎಂದು ಕೇಳಿದರು.

ಗಿರಿಜೆ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ. “ಭಾಳ ಚೆನ್ನಾಗಿದೆ ಆಚಾರ್ರೇ, ಒಂದೇ ಮರ ಅನ್ಸುತ್ತೆ.” ಎಪ್ಪತ್ತು ದಾಟಿದ ಮನುಷ್ಯ, ಇಡೀ ದಿನ ಸ್ಟೂಲಿನ ಮೇಲೆ ನಿಂತವರು. ಇನ್ನೇನು ಹೇಳಲಿ? ನನ್ನನ್ನು ಬೆಳೆಸಿದ ಹಿರಿಯರು ಎದುರಿಗಿದ್ದವರ ಮುಖ ಸಣ್ಣದಾಗುವ ಮಾತು ಆಡಬೇಡ ಎಂದು ಕಲಿಸಿದ್ದರು. ಅಂಥ ಮಾತು ಆಡಲೇಬೇಕಾಗಿ ಬಂದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಅಂದಿನಿಂದ ಶುರುವಾಯಿತು ಬಾಯಾರಿಕೆ. ಕಿಟಕಿ ತೆರೆದು ನೋಡಿದೆ, ಪರದೆ ಎಳೆದು ನೋಡಿದೆ, ಬಲ್ಬು ಬದಲಿಸಿ ನೋಡಿದೆ. ನೇರಳೆ ನೇರಳೆಯಾಗಿಯೇ ಉಳಿಯಿತು.

ಎಂಟನೆಯ ದಿನ ಆಚಾರ್ರ ಫೋನು ಬಂತು. “ಸಾರ್, ಗುಬ್ಬಿ ಕಡೆ ಒಂದು ಮಠದವ್ರು ಹಳೇ ಮಹಾದ್ವಾರಕ್ಕೆ ಹೊಸ ಪಟ್ಟಿ ಹಾಕಿ ಬಣ್ಣ ಹೊಂದ್ಸು ಅಂತವ್ರೆ. ಮಾಡಿರೋ ಕೆಲ್ಸ ತೋರ್ಸು ಅಂದ್ರು. ನಿಮ್ಮನೇಗೇ ಕರ್ಕೊಂಡ್ ಬರ್ತೀನಿ, ಆಯ್ತಾ?”

ಮಠದವರು ಇಲ್ಲಿ ಬಂದು ನೋಡಿದರೆ ನಾಲ್ಕು ಜನರ ಮುಂದೆ ಅವರ ಮಾನ ಹೋಗುತ್ತದೆ. ನೋಡದೆಯೇ ಕೆಲಸ ಕೊಟ್ಟರೆ ಊರೆಲ್ಲ ದಾಟುವ ಬಾಗಿಲಲ್ಲಿ ಐವತ್ತು ವರ್ಷದ ಹೆಸರು ನೇರಳೆಯಾಗುತ್ತದೆ. “ಮೊದ್ಲು ನೀವೊಬ್ರೇ ಬನ್ನಿ” ಎಂದೆ.

ಮಾರನೆಯ ಬೆಳಿಗ್ಗೆ ಬಂದರು. ಕಾಫಿ ಮುಗಿಯುವ ತನಕ ನಾನು ಮಳೆ, ಹೆದ್ದಾರಿ, ಕುಣಿಗಲ್ ಕೆರೆ ಎಲ್ಲವನ್ನೂ ಸುತ್ತಿದೆ. ಗಿರಿಜೆ ಲೋಟವನ್ನು ಸದ್ದಾಗುವಂತೆ ಕುಕ್ಕಿದಳು. ಆಗ ಹೇಳಿದೆ: “ಆಚಾರ್ರೇ, ಪಟ್ಟಿ ಹೊಂದಿಲ್ಲ. ಕಪಾಟು ಬೆಲ್ಲ ಇದ್ದಂಗಿದೆ, ಪಟ್ಟಿ ನೇರಳೆ.”

ಅವರು ಸ್ಟೂಲು ಹತ್ತಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಇಳಿದು ಕುಳಿತರು. “ನಂಗೆ ಎರ್ಡೂ ಒಂದೇ ತರ ಕಾಣ್ತವೆ ಸಾರ್. ಎಲ್ಲಾ ಹೊಗೆ ಹಿಡ್ದಂಗೆ. ಒಲೆ ಹೊಗೆ ಅನ್ಕೊಂಡಿದ್ದೆ.” ಕಣ್ಣುಜ್ಜಿಕೊಂಡು ಕೇಳಿದರು: “ಅವತ್ತೇ ಕಂಡಿತ್ತಾ ನಿಮ್ಗೆ?”

“ಕಂಡಿತ್ತು.”

“ಎಂಟ್ ದಿನ ಸುಮ್ನಿದ್ರಾ? ಅಷ್ಟ್ರೊಳ್ಗೆ ನಾನು ಮಠಕ್ಕೆ ಹೋಗಿ ಮಾತು ಕೊಟ್ ಬಂದೆ. ಬಣ್ಣ ಕೆಟ್ರೆ ಉಪ್ಪುಕಾಗದ ಹಾಕಿ ಉಜ್ಜಬೋದು ಸಾರ್. ಕೊಟ್ಟ ಮಾತ್ನ ಯಾವುದ್ರಲ್ಲಿ ಉಜ್ಜಲಿ?”

ಬೈದಿದ್ದರೆ ಹಗುರವಾಗುತ್ತಿತ್ತು. ದಯೆ ಎಂದು ನಾನು ತಿಳಿದಿದ್ದು ಬರೀ ಪುಕ್ಕಲುತನವಾಗಿತ್ತು.

ಆಚಾರ್ರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ನಾನೇ ಜೊತೆಗೆ ಹೋದೆ. ಮಠದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರಂತೆ. ಬಾಗಿಲು ಎಲ್ಲಿಗೂ ಓಡಿಹೋಗಲ್ಲ, ಕಣ್ಣು ನೆಟ್ಟಗಾದ ಮೇಲೆ ಬನ್ನಿ ಎಂದರಂತೆ ಅವರು.

ಎರಡು ತಿಂಗಳಾದ ಮೇಲೆ ಆಚಾರ್ರು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದರು. “ಯಾವ್ ಬಡ್ಡೀಮಗ ಮಾಡಿದ್ದು ಇದ್ನ?” ಎಂದು ತಮ್ಮನ್ನೇ ಬೈದುಕೊಂಡು, ಪಟ್ಟಿ ಇಳಿಸಿ, ಬಿಳಿ ಮರ ಕಾಣುವ ತನಕ ಉಜ್ಜಿದರು. ಮತ್ತೆ ಉಗುರು, ಮತ್ತೆ ಬಣ್ಣ. ಸಂಜೆಯ ಹೊತ್ತಿಗೆ ಎಲ್ಲಿ ಕಪಾಟು ಮುಗಿಯಿತು, ಎಲ್ಲಿ ಪಟ್ಟಿ ಶುರುವಾಯಿತು ಎಂದು ಗಿರಿಜೆಗೂ ತಿಳಿಯಲಿಲ್ಲ.

“ಒಪ್ತು ಆಚಾರ್ರೇ” ಎಂದಳು.

ಅವರು ನನ್ನ ಕಡೆ ತಿರುಗಿದರು. “ನೀವ್ ಹೇಳಿ ಸಾರ್. ಇದ್ದಿದ್ ಇದ್ದಂಗೆ.”

ಪಾಠ ಕಲಿತವನಲ್ಲವೇ, ನಾಲ್ಕು ಸಲ ಕಣ್ಣು ಕಿರಿದು ಮಾಡಿ ನೋಡಿ ಹೇಳಿದೆ: “ಎಡಗಡೆ ಮೂಲೇಲಿ ಒಂಚೂರು ಮಬ್ಬು.”

ಆಚಾರ್ರು ಮೂಲೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಎಂಟ್ ದಿನ ಕಾಯೋದ್ ಬ್ಯಾಡ, ಈಗ್ಲೇ ಹೇಳ್ಬುಡ್ತೀನಿ. ಮೂಲೆ ಸರಿಯಾಗೈತೆ. ಸೋಮವಾರ ನಾನು ಕಣ್ಣು ತೋರ್ಸೋಕೆ ಆಸ್ಪತ್ರೆಗೆ ಹೋಗ್ತಾ ಇದೀನಿ, ನೀವೂ ಬನ್ನಿ ಸಾರ್.”