ಮೇಲಿನ ಗುಡುಗು, ಕೆಳಗಿನ ಗುಡುಗು

ಗುಡುಗು ಕೇಳಿದರೆ ಲೋಕದ ಜನರೆಲ್ಲ ತಲೆಯೆತ್ತಿ ಆಕಾಶ ನೋಡುತ್ತಾರೆ. ನಾನು ಮಾತ್ರ ಅಡುಗೆಮನೆಗೆ ಹೋಗಿ ಕೊಡದೊಳಗಿನ ನೀರು ನೋಡುತ್ತೇನೆ. ನೋಡಿ, ಸಮಾಧಾನ ಮಾಡಿಕೊಂಡು, ಆಮೇಲೆ ಅಂಗಳದಲ್ಲಿ ಒಣಹಾಕಿದ ಬಟ್ಟೆ ತೆಗೆಯಲು ಓಡುತ್ತೇನೆ. ಅಷ್ಟು ಹೊತ್ತಿಗೆ ಬಟ್ಟೆ ನೆಂದು ತೊಪ್ಪೆಯಾಗಿರುತ್ತದೆ. ನನ್ನ ಸೊಸೆ ಒಳ್ಳೆಯ ಹುಡುಗಿ, ಎದುರುತ್ತರ ಕೊಡುವವಳಲ್ಲ. ಆದರೆ ಒಣಗಿದ್ದ ಸೀರೆಯನ್ನು ಎರಡನೇ ಸಲ ಹಿಂಡುವಾಗ ಅವಳ ಕೈಯ ಬಿರುಸಿನಲ್ಲೇ ನನಗೆ ಹೇಳಬೇಕಾದ್ದೆಲ್ಲ ಇರುತ್ತದೆ. ಅತ್ತೆಗೆ ಅರಳುಮರಳು ಹಿಡಿದಿದೆ ಎಂದು ಅವಳು ಅಂದುಕೊಂಡಿದ್ದರೆ ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳು ಉರಿಗಾಂನಲ್ಲಿ ಸಂಸಾರ ಮಾಡಿದವಳಲ್ಲ.

ನಮ್ಮ ಸೀಮೆಯ ಮಳೆಯ ಹಣೆಬರಹ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಮುಂಗಾರು ಮಳೆ ಪಡುವಣ ಸಮುದ್ರದಿಂದ ಹೊರಡುತ್ತದೆ. ಘಟ್ಟದವರಿಗೆ ಮನಸೋ ಇಚ್ಛೆ ಬಡಿಸಿ, ಬಯಲಿನವರಿಗೆ ಅಷ್ಟಿಷ್ಟು ಬಡಿಸಿ, ಕೋಲಾರದ ಕಡೆಗೆ ಬರುವ ಹೊತ್ತಿಗೆ ಪಾತ್ರೆಯ ತಳ ಕೆರೆಯುತ್ತಿರುತ್ತದೆ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂತವರ ಗತಿ ನಮ್ಮದು. ಆ ತಿಳಿಸಾರಿನಲ್ಲಿ ರಾಗಿ ಹೇಗೋ ಆಗುತ್ತದೆ, ರಾಗಿ ಅಷ್ಟಕ್ಕೆಲ್ಲ ಮುನಿಸಿಕೊಳ್ಳುವ ಪೈರಲ್ಲ. ಆದರೆ ಕೆರೆ ತುಂಬುವುದಿಲ್ಲ. ಕೆರೆ ತುಂಬಬೇಕಾದರೆ ದೀಪಾವಳಿಯ ಆಸುಪಾಸಿನಲ್ಲಿ, ಚಳಿಗೆ ಕಂಬಳಿ ಕೆಳಗಿಳಿಸುವ ದಿನಗಳಲ್ಲಿ, ಮದರಾಸಿನ ಸಮುದ್ರದಲ್ಲಿ ತುಫಾನು ಏಳಬೇಕು. ಅದು ಎದ್ದು, ದಾರಿ ತಪ್ಪದೆ, ನಡುವೆ ಎಲ್ಲೂ ನೆಂಟರ ಮನೆಗೆ ಹೊಗದೆ ನೇರವಾಗಿ ನಮ್ಮಲ್ಲಿಗೆ ಬರಬೇಕು. ಹಿಂಗಾರು ಅಂದರೆ ಅದು.

ನನ್ನ ಗಂಡನ ಮನೆಯವರದು ಕಾಮಸಮುದ್ರದ ಕಡೆಯ ಹಳ್ಳಿ. ಕೆರೆಯ ಕೆಳಗೆ ಗದ್ದೆಯಿತ್ತು, ಕೆರೆಯಲ್ಲಿ ನೀರಿರಲಿಲ್ಲ. ಹಿಂಗಾರು ಮೇಲಿಂದ ಮೇಲೆ ಕೈಕೊಟ್ಟು ಗದ್ದೆಯಲ್ಲಿ ದನ ಮಲಗುವಂತಾದಾಗ ನಮ್ಮವರು ಉರಿಗಾಂಗೆ ಬಂದು ಚಿನ್ನದ ಗಣಿಯೊಳಗೆ ಇಳಿದರು. ನಾನು ಮದುವೆಯಾಗಿ ಬಂದದ್ದು ಅಲ್ಲಿಗೇ. ಕೂಲಿಗಳ ಲೈನಿನಲ್ಲಿ ತಟ್ಟಿಗೋಡೆಯ ಒಂದು ಮನೆ, ಅದರೊಳಗೆ ನಾವಿಬ್ಬರು, ಜೊತೆಗೆ ನಮ್ಮತ್ತೆ. ಬಂದ ಹೊಸದರಲ್ಲೇ ನಮ್ಮವರು ನನಗೊಂದು ಮಾತು ಕೊಟ್ಟಿದ್ದರು.

"ನೋಡು, ನಮ್ ಕೆರೆ ಕೋಡಿ ಓದ್ರೆ ನಾನು ಮೇಲಕ್ ಬತ್ತೀನಿ. ಆಮೇಲೆ ದೇವ್ರಾಣೆ ಇಳ್ಯಲ್ಲ."

ಕೆರೆ ತುಂಬಿ ಕೋಡಿಯಲ್ಲಿ ನೀರು ಹರಿದರೆ ಬೇಸಿಗೆಗೆ ಬತ್ತ ನಾಟಿ ಮಾಡಬಹುದು, ಗಣಿ ಬಿಡಬಹುದು. ಇಷ್ಟೇ ಲೆಕ್ಕ. ಹಾಗಾಗಿ ಬೇರೆ ಹೆಂಗಸರು ಗಂಡ ಸಂಜೆ ಮನೆಗೆ ಬರುವುದನ್ನು ಕಾದರೆ, ನಾನು ಗಂಡನ ಜೊತೆಗೆ ಮಳೆಯನ್ನೂ ಕಾಯಬೇಕಾಯಿತು. ಎರಡರಲ್ಲಿ ಯಾವುದು ತಡವಾದರೂ ಬಾಗಿಲಿಗೂ ಒಲೆಗೂ ನಡುವೆ ಓಡಾಡುತ್ತಿದ್ದೆ.

ಕಾಯುವುದರಲ್ಲಿ ನಮ್ಮತ್ತೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವರಿಗೆ ತಿಂಗಳು, ತಾರೀಕು ಗೊತ್ತಿರಲಿಲ್ಲ. ಮಳೆ ನಕ್ಷತ್ರಗಳು ಮಾತ್ರ ಬೆರಳ ತುದಿಯಲ್ಲಿದ್ದವು. ಬಂದರೆ ಮಘೆ, ಹೋದರೆ ಹೊಗೆ ಎನ್ನುವರು. ಕುರುಡು ಚಿತ್ತೆ ಎರಚಿದತ್ತ ಬೆಳೆ ಎನ್ನುವರು. ಉತ್ತೆ, ಹಸ್ತೆಯರನ್ನು ಓರಗಿತ್ತಿಯರನ್ನು ಬೈದ ಹಾಗೆ ಬೈಯುವರು. ಹೊಲ ಗದ್ದೆ ಯಾವುದೂ ಕಣ್ಣಿಗೆ ಕಾಣದ ಆ ಗಣಿಯ ಊರಿನಲ್ಲಿ, ಸುತ್ತ ಚಿನ್ನ ತೆಗೆದುಳಿದ ಮಣ್ಣಿನ ಸಯನೈಡ್ ಗುಡ್ಡಗಳ ಬೂದಿಬಣ್ಣದ ದೂಳು ಅನ್ನದ ತಟ್ಟೆಯವರೆಗೂ ಹಾರಿಬರುವಾಗ, ಬಾಗಿಲಲ್ಲಿ ಕೂತು ಒಂದೊಂದೇ ನಕ್ಷತ್ರವನ್ನು ಕಳಿಸಿಕೊಡುವರು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಹೆಸರು; ಅಲ್ಲಿಗೆ ಸಂತೆಗೆ ಹೋದರೆ ಮದರಾಸಿನಿಂದ ಬರುವ ರೈಲು ನೋಡದೆ ವಾಪಸು ಬರುತ್ತಿರಲಿಲ್ಲ. ರೈಲು ನಿಂತ ಕೂಡಲೇ ಹೋಗಿ, ಹಸುವಿನ ಮೈ ಸವರಿದಂತೆ ಡಬ್ಬಿಯ ಮೈ ಸವರಿ, ಒದ್ದೆ ಇದೆಯೇ ಎಂದು ನೋಡುವರು. ಒಂದು ಸಲ ನಿಜವಾಗಿಯೂ ಒದ್ದೆಯಿತ್ತು.

"ಗಾಡಿ ನೆಂದೈತೆ ಕಣೇ ನಾರಾಣಿ! ಆ ಕಡೆ ಉಯ್ದು ಬಿಟ್ಟೈತೆ ಮಳೆ! ನಾಳಿಕ್ಕೆ ಇಲ್ಲಿಗ್ ಬತ್ತದೆ," ಎಂದು ನನ್ನ ಹೆಸರು ಹಿಡಿದು ಕೂಗಿ, ಲೈನಿಗೆಲ್ಲ ಸಾರಿದರು. ನಾನು ಪಾತ್ರೆಗಳನ್ನೆಲ್ಲ ತೊಳೆದು ಸೂರಿನ ಕೆಳಗೆ ಇಟ್ಟೆ. ಮಳೆ ಬರಲಿಲ್ಲ. ಆಮೇಲೆ ತಿಳಿದುಬಂದದ್ದು, ದಾರಿಯಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ಡಬ್ಬಿಗಳನ್ನು ತೊಳೆದಿದ್ದರಂತೆ. ಅತ್ತೆ ಆ ಸ್ಟೇಷನ್ನಿನ ಜನರನ್ನು ತೆಲುಗಿನಲ್ಲಿ ಬೈದರು. ಮನಸ್ಸಿಗೆ ನಿಜವಾಗಿ ನೋವಾದಾಗ ಅವರು ಕನ್ನಡವನ್ನು ನೆಚ್ಚಿಕೊಳ್ಳುತ್ತಿರಲಿಲ್ಲ.

ಹಿಂಗಾರು ಕಾಯುವ ಪಾಪ ನಮ್ಮೊಬ್ಬರದೇ ಅಲ್ಲ ಎನ್ನುವುದು ನನಗೆ ತಿಳಿದದ್ದೂ ಆ ಊರಿನಲ್ಲೇ. ಗಣಿಯೊಳಗೆ ನಮ್ಮವರ ಮೇಲಿನ ಯಜಮಾನ ಇಟಲಿ ದೇಶದವನು. ಅವನ ಊರಿನಲ್ಲಿ ಬೇಸಿಗೆಯೆಲ್ಲ ಒಂದು ಹನಿ ಬೀಳುವುದಿಲ್ಲವಂತೆ. ಚಳಿಗಾಲದಲ್ಲಿ ಸಮುದ್ರದ ಕಡೆಯಿಂದ ಬಿರುಗಾಳಿ ಎದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿಯ ಮುದುಕಿಯರೂ ಬಾಗಿಲಲ್ಲಿ ಕೂತು ಮೋಡ ನೋಡುತ್ತಾರಂತೆ. ನಮ್ಮವರು ಇದನ್ನು ಬಂದು ಹೇಳಿದಾಗ ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡರು.

"ಅಯ್ಯೋ ಪಾಪ, ಅವ್ರೂ ಎಲ್ಡನೇ ಪಂಕ್ತಿಯೋರಾ!"

ಅಂದಿನಿಂದ ಆ ದೊರೆಯ ಮೇಲೆ ಅವರಿಗೆ ನೆಂಟಸ್ತಿಕೆ ಬೆಳೆಯಿತು. ಹಬ್ಬಕ್ಕೆ ಕಜ್ಜಾಯ ಮಾಡಿದರೆ ಅವನಿಗೂ ಒಂದು ಕಟ್ಟಿ ಕಳಿಸುತ್ತಿದ್ದರು.

ಇನ್ನು ಕೊಡದ ವಿಷಯ. ಗಣಿಯ ಊರಿನಲ್ಲಿ ಗುಡುಗು ಎರಡು ಬಗೆ. ಒಂದು ಎಲ್ಲರಿಗೂ ಗೊತ್ತಿರುವ ಮೇಲಿನ ಗುಡುಗು. ಇನ್ನೊಂದು ಕೆಳಗಿನದು. ಭೂಮಿಯ ಆಳದಲ್ಲಿ ಬಂಡೆ ತನ್ನ ಭಾರ ತಾನೇ ತಾಳಲಾರದೆ ಸಿಡಿಯುತ್ತದೆ, ಅದಕ್ಕೆ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಸದ್ದು ಮೋಡ ಗುಡುಗಿದ ಹಾಗೆಯೇ. ಗೂಡಿನಲ್ಲಿದ್ದ ಪಾತ್ರೆಗಳು ಗಡಗಡ ಅನ್ನುತ್ತವೆ. ಕೆಳಗೆ ಯಾರಿಗೆ ಏನಾಯಿತು ಎನ್ನುವುದು ಕಬ್ಬಿಣದ ಪಂಜರದಂಥ ಕೇಜಿನಲ್ಲಿ ಜನ ಮೇಲೆ ಬಂದ ಮೇಲೇ ತಿಳಿಯುವುದು.

ಹೊಸ ಸೊಸೆಗೆ ಇದೆಲ್ಲ ಯಾರು ಹೇಳಬೇಕು? ಮೊದಲ ಸಲ ಆ ಸದ್ದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗುಡುಗಿತು, ಇನ್ನೇನು ಮಳೆ, ಕೆರೆ ತುಂಬಿತು, ಗಂಡ ಮೇಲೆ ಬಂದ ಎಂದು ನಗುನಗುತ್ತಾ ಬಾನಿ, ಹಂಡೆ, ಚೆಂಬು ಎಲ್ಲವನ್ನೂ ಹೊರಗೆ ಸಾಲಾಗಿ ಇಡುತ್ತಿದ್ದೇನೆ. ನನ್ನ ಮುಂದೆಯೇ ಲೈನಿನ ಹೆಂಗಸರೆಲ್ಲ ಬಾಯಿ ಬಡಿದುಕೊಳ್ಳುತ್ತಾ ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ಓಡುತ್ತಿದ್ದಾರೆ! ಮಳೆಗೆ ಇವರೇಕೆ ಅಳುತ್ತಾರೆ ಎಂದು ನಾನು ಚೆಂಬು ಹಿಡಿದು ನಿಂತಿದ್ದೆ. ದೇವರು ದೊಡ್ಡವನು, ಆ ದಿನ ಯಾರಿಗೂ ಏನೂ ಆಗಿರಲಿಲ್ಲ. ಪಕ್ಕದ ಮನೆಯ ಅಮ್ಮಾಕಣ್ಣು ಹಿಂದಿರುಗಿ ಬಂದವಳು ನನ್ನ ಪಾತ್ರೆಗಳ ಮೆರವಣಿಗೆ ನೋಡಿ, ನಗಲೂ ಆಗದೆ ಅಳಲೂ ಆಗದೆ ಹೊಸಿಲ ಮೇಲೆ ಕೂತುಬಿಟ್ಟಳು. ಅವಳು ತಮಿಳಿನವಳು, ಅವಳ ಗಂಡನೂ ನಮ್ಮವರ ಪಾಳಿಯಲ್ಲೇ ಇಳಿಯುತ್ತಿದ್ದ. ಆಮೇಲೆ ನನ್ನ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ನೀರಿನ ಕೊಡದ ಮುಂದೆ ನಿಲ್ಲಿಸಿದಳು.

"ತಂಗಚ್ಚಿ, ಸತ್ತ ಕೇಟ್ರೆ ಮೊದ್ಲು ತಣ್ಣಿ ಪಾರು. ತಣ್ಣಿ ಆಡಿದ್ರೆ ಕೀಳೆ. ಆಡ್ಲಿಲ್ಲಾಂದ್ರೆ ಮೇಲೆ. ಬಯಪಡಾದೆ."

ಸದ್ದು ಕೇಳಿದರೆ ಮೊದಲು ನೀರು ನೋಡು. ನೀರು ಅಲ್ಲಾಡಿದರೆ ಗುಡುಗು ಕೆಳಗಿನದು, ಅಲ್ಲಾಡದಿದ್ದರೆ ಮೇಲಿನದು, ಹೆದರಬೇಡ ಎಂದು ಅರ್ಥ. ಅರ್ಧ ಕನ್ನಡ ಅರ್ಧ ತಮಿಳಿನ ಆ ಪಾಠವನ್ನು ನಾನು ಒಂದೇ ಸಲಕ್ಕೆ ಕಲಿತೆ. ಅಲ್ಲಿಂದ ಮುಂದೆ ನಮ್ಮನೆಯ ಕೊಡ ತುಳುಕುವಷ್ಟು ತುಂಬಿರುತ್ತಿತ್ತು. ಕುಡಿಯಲು ಬೇರೆ, ನೋಡಲು ಬೇರೆ.

ಆ ವರ್ಷ ಚಿತ್ತೆ ಹೋಯಿತು, ಸ್ವಾತಿಯೂ ಹೋಯಿತು. "ವಿಶಾಖ ಒಂದೇ ಇನ್ನ ಇರಾದು. ಅದೂ ಓದ್ರೆ ಮುಂದ್ಲೊರ್ಸಕ್ಕೇ," ಎಂದರು ಅತ್ತೆ. ಮುಂದಿನ ವರ್ಷ ಎಂದರೆ ಮತ್ತೊಂದು ವರ್ಷ ನಮ್ಮವರು ಕೆಳಗೆ. ಅವರು ಬೆಳಿಗ್ಗೆ ಬುತ್ತಿ ಹಿಡಿದು ಹೊರಟರೆ ಅವರ ಬೆನ್ನು ನೋಡಲು ನನಗೆ ಭಯವಾಗುತ್ತಿತ್ತು. ಆಕಾಶವೂ ನಮ್ಮನ್ನು ಆಡಿಸುತ್ತಿತ್ತು: ಬೆಳಿಗ್ಗೆ ಮೋಡ, ಮಧ್ಯಾಹ್ನ ಬಿಸಿಲು, ಸಂಜೆ ಮತ್ತೆ ಮೋಡ. ಬೇತಮಂಗಲದ ಕೆರೆ ತಳಕಂಡು ಲೈನಿನ ನಲ್ಲಿ ಬರಿಯ ಗಾಳಿ ಉಗುಳುತ್ತಿತ್ತು. ಕುಡಿಯುವುದಕ್ಕೇ ನೀರಿಲ್ಲದಾಗ ನೋಡುವುದಕ್ಕೆ ಎಲ್ಲಿಂದ ತರುವುದು? ಕೊನೆಗೊಂದು ದಿನ ನನ್ನ ಕೊಡವೂ ಬರಿದಾಯಿತು, ಅಮ್ಮಾಕಣ್ಣುವಿನದೂ ಬರಿದಾಯಿತು.

ಆ ದಿನವೇ ಆಗಬೇಕೇ! ಮಧ್ಯಾಹ್ನ ರಾಗಿ ಬೀಸುತ್ತಾ ಕೂತಿದ್ದೆ. ಗಡಗಡ ಎಂದಿತು. ಗೂಡಿನಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ತಟ್ಟಿಗೋಡೆಯ ಮನೆಯಲ್ಲಿ ಗಾಳಿಗೂ ಅದು ಬೀಳುವುದುಂಟು. ಎದ್ದು ಹೋಗಿ ಕೊಡದೊಳಗೆ ಬಗ್ಗಿ ನೋಡಿದರೆ ತಳ. ಆ ಖಾಲಿ ಕೊಡದಷ್ಟು ಹೆದರಿಸಿದ ವಸ್ತುವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಹೊರಗೆ ಬಂದರೆ ಅಮ್ಮಾಕಣ್ಣು ತನ್ನ ಬರಿಗೊಡವನ್ನು ಸೊಂಟದಲ್ಲಿಟ್ಟುಕೊಂಡು ನನ್ನ ಬಾಗಿಲಿಗೇ ಬರುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರೂ ಓಡಿದೆವು.

ಶಾಫ್ಟಿನ ಗೇಟಿನ ಮುಂದೆ ಆಗಲೇ ಲೈನಿಗೆ ಲೈನೇ ಸೇರಿತ್ತು. ಗೇಟಿನವನು "ಏನೂ ಆಗಿಲ್ಲ, ಕೆಳಗಿಂದ ಸುದ್ದಿ ಬಂದಿಲ್ಲ" ಎಂದು ಕೂಗುತ್ತಿದ್ದ. ನಮಗೆ ಸಾಲಲಿಲ್ಲ. ಯಾರನ್ನು ಕೇಳುತ್ತೀರಿ, ಹೆಸರು ಹೇಳಿ, ವಿಚಾರಿಸಿ ಹೇಳುತ್ತೇನೆ ಎಂದ. ಅಲ್ಲಿಗೆ ನೋಡಿ, ಅಷ್ಟು ಜನ ಹೆಂಗಸರ ಬಾಯಿಯೂ ಕಟ್ಟಿಹೋಯಿತು. ಗಂಡನ ಹೆಸರು ಹೇಳುವುದುಂಟೆ? ಒಬ್ಬಳು "ನಮ್ಮೋರು" ಎಂದಳು. ನಾನು "ನಮ್ಮನೆಯೋರು" ಎಂದೆ. ಅಮ್ಮಾಕಣ್ಣು ತಮಿಳಿನಲ್ಲಿ ಅದನ್ನೇ ಅಂದಳು. ಗೇಟಿನವನು ತಲೆ ಚಚ್ಚಿಕೊಂಡ. ಹೆಸರು ಹೇಳಬಲ್ಲವರು ನಮ್ಮತ್ತೆ ಒಬ್ಬರೇ. ಅವರು ಏದುಸಿರು ಬಿಡುತ್ತಾ ಇನ್ನೂ ಹಿಂದೆ ಬರುತ್ತಿದ್ದರು.

ಅಷ್ಟರಲ್ಲಿ ಮತ್ತೊಮ್ಮೆ ಗುಡುಗಿತು. ಅಮ್ಮಾಕಣ್ಣು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನ್ನ ಹಣೆಯ ಮೇಲೆ ಏನೋ ತಣ್ಣಗೆ ಬಿತ್ತು. ಬೆವರೆಂದು ಒರೆಸಿಕೊಂಡೆ, ಮತ್ತೆ ಬಿತ್ತು. ಅವಳ ಸೊಂಟದ ಬರಿಗೊಡ ಟಣ್ ಎಂದಿತು, ಆಮೇಲೆ ಟಣಟಣ ಎಂದಿತು. ನಾವಿಬ್ಬರೂ ತಲೆಯೆತ್ತಿ ನೋಡುವ ಹೊತ್ತಿಗೆ ಆಕಾಶ ಹರಿದುಕೊಂಡು ಸುರಿಯತೊಡಗಿತ್ತು.

"ಮೇಲೆ!" ಎಂದು ಕಿರುಚಿದಳು ಅಮ್ಮಾಕಣ್ಣು. "ತಂಗಚ್ಚಿ, ಮೇಲೆ! ಮೇಲೆ!"

ನಾನು ಗೇಟಿನ ಕಂಬಿ ಹಿಡಿದುಕೊಂಡು ಅತ್ತುಬಿಟ್ಟೆ. ಅಷ್ಟು ಹಗುರವಾಗಿ ನಾನು ಮುಂಚೆಯೂ ಅತ್ತಿಲ್ಲ, ಆಮೇಲೂ ಅತ್ತಿಲ್ಲ. ಬಂದದ್ದು ಮಳೆ ಎಂದು ಗೊತ್ತಾದ ಮೇಲೆ ಮನೆಗೆ ಹೋಗಬೇಕಾದ್ದು ನ್ಯಾಯ. ಒಬ್ಬಳೂ ಹೋಗಲಿಲ್ಲ. ಕಣ್ಣಿಂದ ಕಂಡ ಹೊರತು ಕಾಲು ಕೀಳುವ ಹಾಗಿರಲಿಲ್ಲ. ಪಾಳಿ ಮುಗಿದ ಸೈರನ್ ಆಗುವವರೆಗೂ ಸುರಿಯುವ ಮಳೆಯಲ್ಲಿ, ಚಳಿಗೆ ಹಲ್ಲು ಕಟಕಟ ಎನ್ನಿಸುತ್ತಾ, ನಗುತ್ತಾ ನಿಂತೆವು.

ಕೇಜು ಮೇಲೆ ಬಂತು. ಮೈಯೆಲ್ಲ ದೂಳಾದ ಗಂಡಸರು ಹೊರಗೆ ಕಾಲಿಟ್ಟರೆ, ಎದುರಿಗೆ ತಲೆ ಕೆದರಿ, ಸೀರೆ ಮೈಗಂಟಿ, ಕಣ್ಣು ಕೆಂಪಾದ ಹೆಂಡಿರ ಸೈನ್ಯ! ಭೂಮಿಯ ಹೊಟ್ಟೆಯೊಳಗೆ ಹೆದರದೆ ಕೆಲಸ ಮಾಡಿಬಂದ ಆ ಜಟ್ಟಿಗಳ ಮುಖ ಬಿಳಿಚಿಕೊಂಡಿತು. ನಮ್ಮವರು ಗುಂಪನ್ನು ಸರಿಸಿಕೊಂಡು ನನ್ನ ಹತ್ತಿರ ಬಂದವರು, "ಅಮ್ಮ ಎಲ್ಲಿ? ಅಮ್ಮನ್ಗೇನಾಯ್ತು?" ಎಂದರು.

ಅಮ್ಮ ಹಿಂದಿನಿಂದ ಕೂಗಿದರು. "ನಂಗೇನಾಗೈತೆ, ಗುಂಡುಕಲ್ಲಂಗಿವ್ನಿ! ಮಳೆ ಬಂತು ಕಣ್ಲಾ, ಮಳೆ! ವಿಶಾಖ ಕೈ ಬಿಡ್ಲಿಲ್ಲ ಕಣ್ಲಾ!"

ಆ ತುಫಾನು ಹಗಲಿರುಳು ಹೊಯ್ದಿತು. ತಟ್ಟಿಗೋಡೆ ನೆನೆದು ಜೋಲಿತು, ಒಲೆ ಹತ್ತಲಿಲ್ಲ, ಯಾರೂ ಬೇಸರಪಡಲಿಲ್ಲ. ಮಳೆ ಬಿಟ್ಟ ಮೇಲೆ ನಮ್ಮ ಹಳ್ಳಿಯವನೊಬ್ಬ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಹುರಿಗೆ ಪೋಣಿಸಿದ ಮೀನು. ಕೋಡಿ ಹರಿಯುವಾಗ ಅಲ್ಲಿ ಹಿಡಿದ ಮೀನನ್ನು ಊರು ಬಿಟ್ಟುಹೋದ ಮನೆಗಳಿಗೆ ಮುಟ್ಟಿಸುವುದು ನಮ್ಮ ಕಡೆಯ ಪದ್ಧತಿ. ಅದು ಬಂತೆಂದರೆ ಬೇರೆ ಏನೂ ಹೇಳಬೇಕಾಗಿಲ್ಲ. ನಮ್ಮವರು ಆ ಮೀನನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತರು. ಕೊಟ್ಟ ಮಾತು ನೆನಪಿದೆಯೋ ಇಲ್ಲವೋ ಎಂದು ನಾನು ಒಲೆಯ ಪಕ್ಕ ನಿಂತು ಕಾದೆ. ಆಮೇಲೆ ಅವರು ಎದ್ದು, ಗಣಿಯ ದೀಪವನ್ನು ಒರೆಸಿ, ಕಂಪನಿಗೆ ಒಪ್ಪಿಸಿಬರುತ್ತೇನೆಂದು ಹೊರಟರು. ಅವರ ಬೆನ್ನನ್ನು ನಾನು ಆ ದಿನ ಬೀದಿಯ ತಿರುವಿನವರೆಗೂ ನೋಡಿದೆ.

ಊರಿಗೆ ಹೊರಟು ಗಾಡಿ ಹತ್ತುವಾಗ ಅಮ್ಮಾಕಣ್ಣು ನನ್ನ ಕೊಡವನ್ನು ತಾನೇ ತುಂಬಿ ತಂದು ಕೊಟ್ಟಳು. ಕೆರೆ ತುಂಬಿದ ಊರಿಗೆ ನೀರು ಹೊತ್ತುಕೊಂಡು ಹೋಗುವುದೇ ಎಂದು ಅತ್ತೆ ನಕ್ಕರು. ಅಮ್ಮಾಕಣ್ಣುವಿನ ಗಂಡ ಇನ್ನೂ ದಿನವೂ ಕೆಳಗೆ ಇಳಿಯುತ್ತಲೇ ಇದ್ದ. ನಾನು ನಗಲಿಲ್ಲ. ದಾರಿಯುದ್ದಕ್ಕೂ ಒಂದು ತೊಟ್ಟೂ ಚೆಲ್ಲದಂತೆ ತೊಡೆಯ ಮೇಲೆ ಹಿಡಿದು ತಂದೆ.

ಈಗ ನಮ್ಮ ಹಳ್ಳಿಯ ಕೆಳಗೆ ಗಣಿಯಿಲ್ಲ, ಬಂಡೆ ಸಿಡಿಯುವುದಿಲ್ಲ. ಗುಡುಗಿದರೆ ಅದು ಮೇಲಿನದೇ ಎಂದು ನನಗೂ ಗೊತ್ತು. ಆದರೂ ಹೋಗಿ ಕೊಡ ನೋಡುತ್ತೇನೆ, ನೀರು ಅಲ್ಲಾಡದೆ ನಿಂತಿರುತ್ತದೆ, ಬಟ್ಟೆ ನೆನೆಯುತ್ತದೆ, ಸೊಸೆ ಹಿಂಡುತ್ತಾಳೆ. "ನಿಮ್ಮತ್ತೆಗೆ ಬೇರೆ ಕಸುಬಿಲ್ಲ ಬಿಡಮ್ಮ" ಎಂದು ನಮ್ಮವರು ಅವಳ ಮುಂದೆ ನನ್ನನ್ನು ಆಡಿಕೊಂಡು ನಗುತ್ತಾರೆ. ಅವಳೂ ನಗುತ್ತಾಳೆ. ಮಂಡಿನೋವು ಬಂದ ಮೇಲೆ ನಾನು ಬಾವಿಯ ಕಡೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಆ ಕೊಡವನ್ನು ದಿನವೂ ತುಳುಕುವಷ್ಟು ತುಂಬಿಡುವವರು ಯಾರು ಎಂದು ಮಾತ್ರ ಅವಳು ಈವರೆಗೆ ಕೇಳಿಲ್ಲ. ಕೇಳಿದರೆ ನಾನೇನು ಹೇಳಲಿ? ಗಂಡನ ಹೆಸರು ಹೇಳುವುದುಂಟೆ?